ಯಂತ್ರ ಹೇಳಿದ ಹೆಸರು ಬದಲಾದದ್ದೇಕೆ?

ಪ್ರಶ್ನೆ: ನಮ್ಮ ಊರು ಕುಂದಾಪುರದ ಹತ್ತಿರ. ತಂದೆಯವರಿಗೆ 61 ವರ್ಷ, ಗದ್ದೆ ಬೇಸಾಯ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಜುಲೈಯಲ್ಲಿ ಹತ್ತು ದಿನ ಜ್ವರ ಬಿಡಲೇ ಇಲ್ಲ. ಮೊದಲು ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು. ಆಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದುಕೊಂಡು, ‘ನಮ್ಮಲ್ಲಿ ಎಲ್ಲ ಆಟೊಮ್ಯಾಟಿಕ್, ಬೇಗ ಗೊತ್ತಾಗುತ್ತದೆ’ ಎಂದರು. ರಿಪೋರ್ಟ್ ಬಂದದ್ದು ನಾಲ್ಕನೇ ದಿನ: ಬರ್ಕೋಲ್ಡೇರಿಯಾ ಸೆಪೇಸಿಯಾ. ಜ್ವರ ಇಳಿಯದ್ದರಿಂದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯವರು ಅದೇ ರೋಗಾಣುವನ್ನು ತರಿಸಿಕೊಂಡು ಮತ್ತೆ ಪರೀಕ್ಷಿಸಿ, ‘ಇದು ಬರ್ಕೋಲ್ಡೇರಿಯಾ ಸೂಡೋಮಲೈ, ಕಾಯಿಲೆಯ ಹೆಸರು ಮೆಲಿಯೊಯ್ಡೋಸಿಸ್’ ಎಂದರು. ಎರಡು ವಾರ ಇಂಜೆಕ್ಷನ್ ಆಗಿ ತಂದೆಯವರು ಈಗ ಮನೆಯಲ್ಲಿದ್ದಾರೆ, ಮಾತ್ರೆ ನಡೆಯುತ್ತಿದೆ. ಕೆಲವೇ ನಿಮಿಷದಲ್ಲಿ ರೋಗಾಣು ಪತ್ತೆ ಮಾಡುವ ಯಂತ್ರಗಳಿವೆ ಎಂದು ಓದಿದ್ದೇನೆ. ಹಾಗಿದ್ದರೆ ನಾಲ್ಕು ದಿನ ಯಾಕೆ ಬೇಕಾಯಿತು? ಹೆಸರು ತಪ್ಪಿದ್ದು ಯಂತ್ರದ್ದೋ ಮನುಷ್ಯರದ್ದೋ? ಇನ್ನೊಂದು, ರಿಪೋರ್ಟಿನಲ್ಲಿ ಲೆವೊಫ್ಲಾಕ್ಸಾಸಿನ್ ಎದುರು 1 ಎಂದೂ ಸೆಫ್ಟಾಜಿಡಿಮ್ ಎದುರು 4 ಎಂದೂ ಇತ್ತು. ಕಡಿಮೆ ಅಂಕಿ ಇರುವ ಮಾತ್ರೆಯನ್ನು ಬಿಟ್ಟು ದುಬಾರಿ ಇಂಜೆಕ್ಷನ್ ಕೊಟ್ಟದ್ದು ಸರಿಯೇ?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದಕ್ಕೆ ಪುರುಸೊತ್ತಿದೆ. ಮೆಲಿಯೊಯ್ಡೋಸಿಸ್‌ಗೆ ಚಿಕಿತ್ಸೆ ಎರಡು ಹಂತ. ಶುರುವಿನಲ್ಲಿ ಕನಿಷ್ಠ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್. ಆಮೇಲೆ ಮಾತ್ರೆ, ಸಾಮಾನ್ಯವಾಗಿ ಕೋಟ್ರೈಮಾಕ್ಸಜೋಲ್, ಕಡಿಮೆಯೆಂದರೂ 3 ತಿಂಗಳು. ಜ್ವರ ಹೋಗಿ ಹದಿನೈದು ದಿನವಾದ ಮೇಲೆ, ‘ಇನ್ನೆಂಥ ಮಾತ್ರೆ, ಸಾಕು ಬಿಡು’ ಎನ್ನುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಈ ರೋಗಾಣು ಒಳಗೆ ಅಡಗಿ ಕೂತು ಮತ್ತೆ ಏಳುವುದರಲ್ಲಿ ನಿಸ್ಸೀಮ. ಮೈಮೇಲೆ ಗುಳ್ಳೆ, ತುರಿಕೆ ಬಂದರೆ ಡಾಕ್ಟರಿಗೆ ತೋರಿಸಿ. ಅವರು ಹೇಳಿದಾಗಲೆಲ್ಲ ಕ್ರಿಯೇಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಇನ್ನು ನಾಲ್ಕು ದಿನದ ಲೆಕ್ಕ.

ನೀವು ಓದಿರುವುದು ಸುಳ್ಳಲ್ಲ. ನಿಮಿಷಗಳಲ್ಲಿ ಹೆಸರು ಹೇಳುವ ಯಂತ್ರ ಇದೆ. ಆದರೆ ಅದರ ಮುಂದೆ ರಕ್ತವನ್ನು ಹಿಡಿದರೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳೆದ ರೋಗಾಣು, ಕಣ್ಣಿಗೆ ಕಾಣುವಷ್ಟು, ಕಡ್ಡಿಯಲ್ಲಿ ತೆಗೆಯುವಷ್ಟು. ತೀವ್ರ ಸೋಂಕಿನಲ್ಲೂ ದೊಡ್ಡವರ ಒಂದು ಮಿಲಿಲೀಟರ್ ರಕ್ತದಲ್ಲಿ ಸಿಗುವ ಬ್ಯಾಕ್ಟೀರಿಯಾ ಎಷ್ಟು ಗೊತ್ತೆ? ಹಲವು ಸಲ ಒಂದೋ ಎರಡೋ. ಒಂದೂ ಇಲ್ಲದಿರಬಹುದು. ಅದಕ್ಕೇ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಹಾಕಬೇಕು, ಎರಡು ಬೇರೆ ಬೇರೆ ಕಡೆಯಿಂದ ತೆಗೆಯಬೇಕು ಎನ್ನುವುದು. ‘ಅಷ್ಟೊಂದು ರಕ್ತ ಯಾಕೆ’ ಎಂದು ಮನೆಯವರು ಗಲಾಟೆ ಮಾಡುತ್ತಾರೆಂದು ಸಿಸ್ಟರ್ 3 ಮಿಲಿ ತೆಗೆದು ಕಳಿಸಿದರೆ, ಮುಂದೆ ಎಷ್ಟು ಕೋಟಿಯ ಯಂತ್ರವಿದ್ದೂ ಪ್ರಯೋಜನವಿಲ್ಲ. ಬಾಟಲಿಯೊಳಗೆ ರೋಗಾಣುವೇ ಬಂದಿರುವುದಿಲ್ಲ.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಬ್ಲಡ್ ಕಲ್ಚರ್ ಅಂದರೆ ಅದೇ ಕೆಲಸ. ಒಂದು ಚಮಚ ಮಜ್ಜಿಗೆಯಲ್ಲಿರುವ ಜೀವಿಗಳು ರಾತ್ರಿಯಿಡೀ ದುಪ್ಪಟ್ಟಾಗುತ್ತ ಹೋಗಿ ಬೆಳಿಗ್ಗೆ ಪಾತ್ರೆ ತುಂಬ ಮೊಸರು. ಪಾತ್ರೆ ಸ್ಟೀಲಿನದೋ ಬೆಳ್ಳಿಯದೋ ಎನ್ನುವುದರಿಂದ ಹೆಪ್ಪುಗಟ್ಟುವ ಹೊತ್ತು ಬದಲಾಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಬಾಟಲಿಗೆ ಹತ್ತು ಬ್ಯಾಕ್ಟೀರಿಯಾ ಬಿದ್ದವು ಎನ್ನೋಣ. ಯಂತ್ರಕ್ಕೆ ಅವುಗಳ ಸುಳಿವು ಹತ್ತಬೇಕಾದರೆ ಅವು ಕೋಟಿಗಟ್ಟಲೆ ಆಗಬೇಕು, ಅಂದರೆ ಸುಮಾರು 25 ಸಲ ದುಪ್ಪಟ್ಟಾಗಬೇಕು. ಅರ್ಧ ಗಂಟೆಗೊಮ್ಮೆ ಎಂದು ಹಿಡಿದರೆ ಹನ್ನೆರಡೂವರೆ ಗಂಟೆ. ಇ. ಕೊಲೈಯಂಥ ಚುರುಕು ಜಾತಿಗೆ ಇದು ಹೊಂದುತ್ತದೆ. ನಿಮ್ಮ ತಂದೆಯವರ ರಕ್ತದಲ್ಲಿದ್ದದ್ದು ಅದಕ್ಕಿಂತ ನಿಧಾನದ್ದು, ಒಂದರಿಂದ ಎರಡು ದಿನ ತೆಗೆದುಕೊಳ್ಳುವುದು ಮಾಮೂಲು. ಅದರ ಮೇಲೆ ಟೈಫಾಯ್ಡ್ ಎಂದು ಮೊದಲೇ ಆ್ಯಂಟಿಬಯೋಟಿಕ್ ನುಂಗಿಸಿದ್ದಾರೆ. ಬಾಟಲಿಯೊಳಗೆ ಔಷಧವನ್ನು ಹೀರಿಕೊಳ್ಳುವ ರಾಳದ ಮಣಿಗಳಿರುತ್ತವೆ, ನಿಜ. ಆದರೂ ಪೆಟ್ಟು ತಿಂದ ರೋಗಾಣು ಚೇತರಿಸಿಕೊಂಡು ಬೆಳೆಯಲು ಹೊತ್ತು ಹಿಡಿಯುತ್ತದೆ. (ಮಾತು ಬಂತೆಂದು ಹೇಳುತ್ತೇನೆ: ನಮ್ಮಲ್ಲಿ ‘ಟೈಫಾಯ್ಡ್’ ಎಂದು ಹೇಳುವ ಬಹುಪಾಲು ರಿಪೋರ್ಟುಗಳ ಹಿಂದೆ ಇರುವುದು ಒಂದೇ ಒಂದು ವಿಡಾಲ್ ಪರೀಕ್ಷೆ. 1896ರಲ್ಲಿ ಬಂದ ಪರೀಕ್ಷೆ ಅದು. ಹಿಂದೆಂದೋ ಬಂದುಹೋದ ಸೋಂಕಿಗೂ ಪಾಸಿಟಿವ್ ಅನ್ನುತ್ತದೆ. ಜ್ವರದ ಮೊದಲ ವಾರದಲ್ಲಿ ಮಾಡಬೇಕಾದದ್ದು ಕಲ್ಚರ್, ಅದೂ ಮಾತ್ರೆ ಶುರುವಾಗುವ ಮೊದಲು.)

ಬಾಟಲಿ ಇಡುವ ಪೆಟ್ಟಿಗೆ ಮಾತ್ರ ನಿಜಕ್ಕೂ ಆಟೊಮ್ಯಾಟಿಕ್. ಬ್ಯಾಕ್ಟ್ ಅಲರ್ಟ್ ಎನ್ನುವ ಯಂತ್ರದ ಬಾಟಲಿಯ ತಳದಲ್ಲಿ ಹಸಿರು ಮಿಶ್ರಿತ ನೀಲಿ ಬಣ್ಣದ ಒಂದು ಬಿಲ್ಲೆ ಇರುತ್ತದೆ. ರೋಗಾಣು ಬೆಳೆಯುತ್ತ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ ಅದು ಹಳದಿಗೆ ತಿರುಗುತ್ತದೆ. ಬ್ಯಾಕ್ಟೆಕ್ ಎಂಬ ಇನ್ನೊಂದರಲ್ಲಿ ತಳದ ಸೆನ್ಸರ್ ಪ್ರತಿದೀಪ್ತಿಯಿಂದ ಅದನ್ನೇ ಹೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಯಂತ್ರ ಪ್ರತಿ ಬಾಟಲಿಯನ್ನು ನೋಡುತ್ತಿರುತ್ತದೆ, ಬದಲಾವಣೆ ಕಂಡರೆ ಕೂಗಿಕೊಳ್ಳುತ್ತದೆ. ಏನೂ ಬೆಳೆಯದಿದ್ದರೆ 5 ದಿನ ಕಾದು ನೆಗೆಟಿವ್ ಅನ್ನುತ್ತದೆ.

ಅದು ರಾತ್ರಿ ಎರಡು ಗಂಟೆಗೆ ಕೂಗಿಕೊಂಡರೆ? ಅನೇಕ ಲ್ಯಾಬುಗಳಲ್ಲಿ ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ. ಟೆಕ್ನಿಷಿಯನ್ ಬರುವುದು ಬೆಳಿಗ್ಗೆ ಒಂಬತ್ತಕ್ಕೆ. ಏಳು ಗಂಟೆ ಹೋಯಿತು. ಶನಿವಾರ ರಾತ್ರಿಯಾಗಿದ್ದರೆ ಇನ್ನೂ ಹೆಚ್ಚು. ಊರಿನ ನರ್ಸಿಂಗ್ ಹೋಮಿನಿಂದ ಬಾಟಲಿ ಮಂಗಳೂರಿಗೋ ಉಡುಪಿಗೋ ಸಂಜೆಯ ಬಸ್ಸಿನಲ್ಲಿ ಹೋಗಬೇಕಾದರೆ ಅದೊಂದು ಬೇರೆ ರಾತ್ರಿ. ಒಮ್ಮೆ ನಮ್ಮ ಲ್ಯಾಬಿಗೆ ಐಸ್ ಪೆಟ್ಟಿಗೆಯಲ್ಲಿ ಜೋಪಾನವಾಗಿ ಮುಚ್ಚಿಟ್ಟ ಬಾಟಲಿ ಬಂತು, ‘ಹಾಳಾಗಬಾರದು ಅಂತ ತಣ್ಣಗಿಟ್ಟು ಕಳಿಸಿದ್ದೇವೆ ಮೇಡಂ’ ಎಂಬ ಚೀಟಿ ಸಮೇತ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬ್ಲಡ್ ಕಲ್ಚರ್ ಬಾಟಲಿಯನ್ನು ಫ್ರಿಜ್ಜಿನಲ್ಲಿಡುವುದೆಂದರೆ ಹೆಪ್ಪು ಹಾಕಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಮೊಸರಿಗೆ ಕಾದ ಹಾಗೆ. ರಿಪೋರ್ಟ್ ಬೇಗ ಬರಬೇಕೆಂದರೆ ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲು ರಾತ್ರಿ ಪಾಳಿಗೆ ಒಬ್ಬ ಟೆಕ್ನಿಷಿಯನ್ ಇಡಿ ಎಂದು ನಾನು ಆಡಳಿತದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಯಂತ್ರಕ್ಕೆ ಉದ್ಘಾಟನೆಯ ರಿಬ್ಬನ್ ಇರುತ್ತದೆ, ಪಾಳಿಗೆ ಇರುವುದಿಲ್ಲ.

ಬಾಟಲಿ ಪಾಸಿಟಿವ್ ಆದ ಕೂಡಲೇ ಮಾಡುವುದು ಗ್ರಾಮ್ ಸ್ಟೇನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವಿಧಾನ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ, ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲಿನಲ್ಲಿ ತೊಳೆತ, ಕೆಂಪು ಬಣ್ಣ. ಒಟ್ಟು ಕಾಲು ಗಂಟೆ. ನೇರಳೆ ಉಳಿದರೆ ಗ್ರಾಮ್ ಪಾಸಿಟಿವ್, ತೊಳೆದುಹೋಗಿ ಕೆಂಪಾದರೆ ಗ್ರಾಮ್ ನೆಗೆಟಿವ್. ಹೆಸರು ಗೊತ್ತಾಗುವುದಿಲ್ಲ, ಆದರೆ ಯಾವ ಪಂಗಡದ್ದು ಎಂದು ಗೊತ್ತಾಗುತ್ತದೆ. ಐಸಿಯುಗೆ ಆ ಕ್ಷಣ ಫೋನ್ ಮಾಡಿ ‘ಗ್ರಾಮ್ ನೆಗೆಟಿವ್ ಕಡ್ಡಿಗಳು’ (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಎಂದರೆ ಡಾಕ್ಟರು ಅರ್ಧ ಚಿಕಿತ್ಸೆ ಸರಿಪಡಿಸಿಕೊಳ್ಳಬಹುದು. ನಿಮಗೆ ಕೈಗೆ ಬಂದ ಕಾಗದ ನಾಲ್ಕನೇ ದಿನದ್ದು. ಅದಕ್ಕಿಂತ ಮೊದಲು ಇಂಥ ಫೋನ್ ಹೋಗಿತ್ತೇ ಎಂದು ಆ ಆಸ್ಪತ್ರೆಯವರನ್ನು ಕೇಳಬಹುದು. ಕೇಳುವುದು ನಿಮ್ಮ ಹಕ್ಕು.

ಮುಂದಿನದು ಪ್ಲೇಟ್. ಬಾಟಲಿಯ ಹನಿಯನ್ನು ರಕ್ತ ಬೆರೆಸಿದ ಅಗರ್ (ರೋಗಾಣು ಬೆಳೆಸುವ ಜೆಲ್ಲಿ) ಮೇಲೆ, ಮ್ಯಾಕ್‌ಕಾಂಕಿ ಅಗರ್ ಮೇಲೆ ಗೀರಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಚುಕ್ಕಿ ಚುಕ್ಕಿಯಾಗಿ ಕಾಲೊನಿಗಳು, ಅಂದರೆ ರೋಗಾಣುಗಳ ಗುಂಪುಗಳು, ಕಾಣುತ್ತವೆ. ಯಂತ್ರಗಳ ಕೆಲಸ ಶುರುವಾಗುವುದು ಇಲ್ಲಿಂದ. ಅಂದರೆ ನಿಮ್ಮ ನಾಲ್ಕು ದಿನದಲ್ಲಿ ಎರಡೂವರೆ ದಿನ ಆಗಲೇ ಕಳೆದಿರುತ್ತದೆ.

ಇಲ್ಲಿ ಎರಡು ಬಗೆಯ ಯಂತ್ರಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಒಂದು, ಕಾರ್ಡ್ ಯಂತ್ರ. ನಮ್ಮ ಕಡೆಯ ಲ್ಯಾಬುಗಳಲ್ಲಿ ಹೆಚ್ಚು ಕಾಣುವುದು ವೈಟೆಕ್. ಇದರ ಮೂಲ ಕಥೆ ಸ್ವಾರಸ್ಯದ್ದು. ಅಮೆರಿಕದ ವಿಮಾನ ಕಂಪನಿ ಮೆಕ್‌ಡೊನೆಲ್ ಡಗ್ಲಸ್ ಬಾಹ್ಯಾಕಾಶ ಯಾನದ ಬಳಕೆಗೆಂದು ಯೋಚಿಸಿದ್ದು, ಆಮೇಲೆ ಆಸ್ಪತ್ರೆಗೆ ಬಂತು, ಕೊನೆಗೆ ಫ್ರಾನ್ಸಿನ ಬಯೋಮೆರಿಯೊ ಕಂಪನಿಯ ಕೈ ಸೇರಿತು. ಇಸ್ಪೀಟು ಎಲೆಯಷ್ಟು ಉದ್ದಗಲದ ಪ್ಲಾಸ್ಟಿಕ್ ಕಾರ್ಡಿನಲ್ಲಿ 64 ಪುಟ್ಟ ಗುಳಿಗಳು. ಒಂದರಲ್ಲಿ ಒಂದು ಬಗೆಯ ಸಕ್ಕರೆ, ಇನ್ನೊಂದರಲ್ಲಿ ಒಂದು ಅಮೈನೊ ಆಮ್ಲ, ಮತ್ತೊಂದರಲ್ಲಿ ಕಿಣ್ವ ಪರೀಕ್ಷೆಯ ರಾಸಾಯನಿಕ. ಟೆಕ್ನಿಷಿಯನ್ ಕಾಲೊನಿಯನ್ನು ಉಪ್ಪುನೀರಿನಲ್ಲಿ ಕಲಸುತ್ತಾರೆ. ಎಷ್ಟು ಗಟ್ಟಿ ಎಂದರೆ, ಅಕ್ಕಿಯನ್ನು ಮೂರನೇ ಸಲ ತೊಳೆದಾಗ ನೀರು ಎಷ್ಟು ಮಸುಕಾಗಿರುತ್ತದೋ ಅಷ್ಟು. ಅದನ್ನು ಅಳೆಯಲು ಒಂದು ಸಣ್ಣ ಮೀಟರ್ ಇದೆ. ಹೆಚ್ಚು ಗಟ್ಟಿಯಾದರೂ ತಪ್ಪು, ತೆಳುವಾದರೂ ತಪ್ಪು. ಆ ನೀರನ್ನು ಕಾರ್ಡ್ ಹೀರಿಕೊಂಡ ಮೇಲೆ ಯಂತ್ರ 15 ನಿಮಿಷಕ್ಕೊಮ್ಮೆ ಪ್ರತಿ ಗುಳಿಯನ್ನು ನೋಡುತ್ತದೆ: ಯಾವ ಸಕ್ಕರೆ ತಿಂದಿತು, ಯಾವುದನ್ನು ಬಿಟ್ಟಿತು. ಗ್ರಾಮ್ ನೆಗೆಟಿವ್ ಆದರೆ 2ರಿಂದ 10 ಗಂಟೆಯಲ್ಲಿ ಹೆಸರು. ಇನ್ನೊಂದು ಕಾರ್ಡಿನಲ್ಲಿ ಔಷಧಗಳಿರುತ್ತವೆ, ಅದರ ಉತ್ತರಕ್ಕೆ ಇನ್ನೂ ಕೆಲವು ಗಂಟೆ.

ಎರಡನೆಯದು ಮಾಲ್ಡಿ-ಟಾಫ್. ನೀವು ಓದಿದ ‘ಕೆಲವೇ ನಿಮಿಷ’ ಇದೇ ಇರಬೇಕು. ಕೋಟಿ ರೂಪಾಯಿಯ ಯಂತ್ರ, ಆದರೆ ಅದಕ್ಕೆ ಸ್ಯಾಂಪಲ್ ಹಾಕುವ ಉಪಕರಣ ಹಲ್ಲುಕಡ್ಡಿ. ತಮಾಷೆಯಲ್ಲ, ಮರದ ಹಲ್ಲುಕಡ್ಡಿ. ಅದರ ತುದಿಯಿಂದ ಕಾಲೊನಿಯನ್ನು ಮುಟ್ಟಿ ಸ್ಟೀಲ್ ತಟ್ಟೆಯ ಒಂದು ಗುಂಡು ಗುರುತಿನ ಮೇಲೆ ತೆಳ್ಳಗೆ ಸವರುವುದು. ದಪ್ಪಗೆ ಬಳಿದರೆ ಉತ್ತರ ಬರುವುದಿಲ್ಲ. ಹೊಸ ಹುಡುಗರಿಗೆ ‘ದೋಸೆಗೆ ತುಪ್ಪ ಸವರಿದ ಹಾಗಲ್ಲ, ಹೆಂಚಿಗೆ ಎಣ್ಣೆ ಒರೆಸಿದ ಹಾಗೆ’ ಎಂದು ಹೇಳಿಕೊಡುತ್ತೇನೆ. ಮೇಲೊಂದು ಹನಿ ಮ್ಯಾಟ್ರಿಕ್ಸ್ ದ್ರಾವಣ ಹಾಕಿ ಒಣಗಿಸಿ, ತಟ್ಟೆಯನ್ನು ಯಂತ್ರದ ನಿರ್ವಾತದೊಳಗೆ ಕಳಿಸಿದರೆ ಲೇಸರ್ ಕಿರಣ ಅದಕ್ಕೆ ಹೊಡೆಯುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನುಗಳು ವಿದ್ಯುದಾವೇಶ ಹೊತ್ತು ಕೊಳವೆಯಲ್ಲಿ ಹಾರುತ್ತವೆ. ಹಗುರದ್ದು ಮೊದಲು ತಲುಪುತ್ತದೆ, ಭಾರದ್ದು ಹಿಂದೆ. ಯಾವುದು ಎಷ್ಟು ಹೊತ್ತಿಗೆ ತಲುಪಿತು ಎನ್ನುವ ಗೆರೆಚಿತ್ರವೇ ಆ ಜಾತಿಯ ಗುರುತು. ಯಂತ್ರ ಅದನ್ನು ತನ್ನ ಸಂಗ್ರಹದ ಸಾವಿರಾರು ಚಿತ್ರಗಳೊಂದಿಗೆ ಹೋಲಿಸಿ ಹೆಸರು ಹೇಳುತ್ತದೆ, ಜೊತೆಗೊಂದು ಅಂಕ ಕೊಡುತ್ತದೆ. ಬ್ರೂಕರ್ ಕಂಪನಿಯ ಯಂತ್ರದಲ್ಲಿ 2.0 ದಾಟಿದರೆ ಜಾತಿಯ ಮಟ್ಟಕ್ಕೆ ನಂಬಬಹುದು, 1.7ರಿಂದ ಅಲ್ಲಿಯವರೆಗೆ ಕುಲದ ಹೆಸರಷ್ಟೇ.

ಇಷ್ಟು ದೊಡ್ಡ ಪ್ರೋಟೀನನ್ನು ಒಡೆಯದೆ ಹಾರಿಸಬಹುದು ಎಂದು ತೋರಿಸಿಕೊಟ್ಟವರಲ್ಲಿ ಒಬ್ಬರು ಜಪಾನಿನ ಕೊಯಿಚಿ ತನಾಕ. ಕ್ಯೋಟೊದ ಶಿಮಾಡ್ಜು ಕಂಪನಿಯ ಎಂಜಿನಿಯರ್, ಡಾಕ್ಟರೇಟ್ ಕೂಡ ಇರಲಿಲ್ಲ. ಲೋಹದ ಪುಡಿಗೆ ಬೆರೆಸಬೇಕಾದದ್ದರ ಬದಲು ಕೈತಪ್ಪಿ ಗ್ಲಿಸರಿನ್ ಬೆರೆಸಿದರು. ಎಸೆಯಲು ಮನಸ್ಸಾಗದೆ ಅದನ್ನೇ ಪರೀಕ್ಷಿಸಿ ನೋಡಿದರು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಇವತ್ತು ನಾವು ಬಳಸುವ ಮ್ಯಾಟ್ರಿಕ್ಸ್ ವಿಧಾನ ಮಾತ್ರ ಜರ್ಮನಿಯ ಕರಾಸ್ ಮತ್ತು ಹಿಲೆನ್‌ಕ್ಯಾಂಪ್ ಅವರದ್ದು. ಆಸ್ಪತ್ರೆಯ ಲ್ಯಾಬಿನ ಬಳಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ.

ಮಾಲ್ಡಿ ಹೇಳುವುದು ಹೆಸರು ಮಾತ್ರ ಎನ್ನುವುದು ನೆನಪಿರಲಿ. ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಮತ್ತೆ ಔಷಧದ ಎದುರು ಬೆಳೆಸಿಯೇ ನೋಡಬೇಕು. ಮೆಲಿಯೊಯ್ಡೋಸಿಸ್‌ನಂಥ ಕಾಯಿಲೆಯಲ್ಲಿ ಹೆಸರು ಗೊತ್ತಾದರೆ ಔಷಧವೂ ಬಹುಮಟ್ಟಿಗೆ ಗೊತ್ತಾದಂತೆ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಹಾಗಲ್ಲ. ಒಂದು ಕ್ಲೆಬ್ಸಿಯೆಲ್ಲಾ ಸಾಮಾನ್ಯ ಇಂಜೆಕ್ಷನ್ನಿಗೆ ಸಾಯುತ್ತದೆ, ಪಕ್ಕದ ಬೆಡ್ಡಿನದು ಮೆರೊಪೆನೆಮ್‌ಗೂ ಜಗ್ಗುವುದಿಲ್ಲ. ಹೆಸರು ಎರಡಕ್ಕೂ ಒಂದೇ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ನಿಜವಾಗಿ ಆಸಕ್ತಿ ಇರುವುದು ಇದರಲ್ಲೇ.

ನಮ್ಮ ಕಡೆ ಮದುವೆ ಮನೆಯಲ್ಲಿ ಒಬ್ಬರು ಅಜ್ಜಿ ಇರುತ್ತಾರಲ್ಲ, ಬಂದವರ ಮೂಗು, ಹಣೆ ನೋಡಿ ‘ಹೋಯ್, ನೀನು ಬಸ್ರೂರಿನವರ ಮಗ ಅಲ್ದಾ?’ ಎನ್ನುವವರು. ಹತ್ತರಲ್ಲಿ ಒಂಬತ್ತು ಸಲ ಸರಿಯಿರುತ್ತದೆ. ಆದರೆ ಬೆಂಗಳೂರಿನಿಂದ ಬಂದ ಅಪರಿಚಿತನಿಗೂ ಅವರು ಯಾವುದೋ ಒಂದು ಮನೆತನ ಹಚ್ಚಿಯೇ ಹಚ್ಚುತ್ತಾರೆ, ಅದೇ ಧೈರ್ಯದಲ್ಲಿ. ಗುರುತು ಹಿಡಿಯುವ ಯಂತ್ರ, ಕಾರ್ಡಿನದೇ ಇರಲಿ ಲೇಸರಿನದೇ ಇರಲಿ, ಈ ಅಜ್ಜಿ. ಅದರ ಪಟ್ಟಿಯಲ್ಲಿ ಇರುವವರಲ್ಲಿ ಯಾರಿಗೆ ಹೆಚ್ಚು ಹೋಲುತ್ತದೆ ಎಂದಷ್ಟೇ ಅದು ಹೇಳುತ್ತದೆ. ‘ಶೇಕಡಾ 96, ಅತ್ಯುತ್ತಮ ಗುರುತು’ ಎಂದು ಅಚ್ಚಾದರೂ ಅರ್ಥ ಅಷ್ಟೇ. ಪಟ್ಟಿಯಲ್ಲೇ ಇಲ್ಲದ, ಅಥವಾ ಕೆಲವೇ ಮಾದರಿಗಳ ಆಧಾರದಲ್ಲಿ ಸೇರಿಸಿದ ಜಾತಿ ಬಂದರೆ ಅದು ನೆಂಟನ ಹೆಸರು ಹೇಳುತ್ತದೆ.

ಸೆಪೇಸಿಯಾ ಮತ್ತು ಸೂಡೋಮಲೈ ಅಂಥ ನೆಂಟರು. ಜೀವರಾಸಾಯನಿಕ ಕಾರ್ಡುಗಳು ಸೂಡೋಮಲೈಯನ್ನು ಸೆಪೇಸಿಯಾ ಎಂದು ಕರೆಯುವುದು ಜಗತ್ತಿನ ಅನೇಕ ಕಡೆಯ ಲ್ಯಾಬುಗಳು ಬರೆದಿಟ್ಟಿರುವ ಸಂಗತಿ. ಮಾಲ್ಡಿಯಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು, ಅಲ್ಲಿ ಬರುವುದು ಬರ್ಕೋಲ್ಡೇರಿಯಾ ಥಾಯ್ಲೆಂಡೆನ್ಸಿಸ್, ಮನುಷ್ಯರಿಗೆ ರೋಗ ತರುವುದೇ ಅಪರೂಪವಾದ ಇನ್ನೊಬ್ಬ ನೆಂಟ. ಇದಕ್ಕೆ ಒಂದು ವಿಚಿತ್ರ ಕಾರಣ ಇದೆ. ಸೂಡೋಮಲೈಯನ್ನು ಅಮೆರಿಕ ಜೈವಿಕ ಅಸ್ತ್ರವಾಗಬಲ್ಲ ರೋಗಾಣುಗಳ ಮೊದಲ ದರ್ಜೆಯಲ್ಲಿ ಸೇರಿಸಿದೆ. ಹಾಗಾಗಿ ಅದರ ಗುರುತುಚಿತ್ರ ಕೆಲವು ಸಾಮಾನ್ಯ ಸಂಗ್ರಹಗಳಲ್ಲಿ ಇರಲೇ ಇಲ್ಲ, ಬೇರೆಯಾಗಿ ಪಡೆಯಬೇಕಿತ್ತು. ಅಲ್ಲಿಯವರಿಗೆ ಅದು ಅಸ್ತ್ರ, ನಮಗೆ ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ಕೆಸರು.

ಈ ರೋಗವನ್ನು ಮೊದಲು ಗುರುತಿಸಿದ್ದು ರಂಗೂನಿನಲ್ಲಿ, ಆಲ್‌ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ, 1912ರಲ್ಲಿ ಬರೆದರು. ರೋಗಾಣು ವಾಸಿಸುವುದು ಮಣ್ಣು, ನಿಂತ ನೀರಿನಲ್ಲಿ. ಕಾಲಿನ ಬಿರುಕು, ಗಾಯದಿಂದ ಒಳಗೆ ಹೋಗುತ್ತದೆ. ಜೋರು ಮಳೆ ಗಾಳಿಯಲ್ಲಿ ಉಸಿರಿನ ಜೊತೆಗೂ ಹೋಗಬಹುದು. ಸಕ್ಕರೆ ಕಾಯಿಲೆ ಇರುವವರನ್ನು ಆರಿಸಿ ಆರಿಸಿ ಹಿಡಿಯುತ್ತದೆ. ಶ್ವಾಸಕೋಶದಲ್ಲಿ ಕಂಡರೆ ಕ್ಷಯದ ಹಾಗೆ, ಲಿವರ್, ಗುಲ್ಮದ (ಸ್ಪ್ಲೀನ್) ಕಡೆ ಕೀವು ಕಟ್ಟಿದರೆ ಮತ್ತೇನೋ ಹಾಗೆ, ಕೀಲಿಗೆ ಬಂದರೆ ಇನ್ನೊಂದು ಹಾಗೆ ನಟಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ, ಆದ್ದರಿಂದ ಮನೆಯಲ್ಲಿ ತಂದೆಯವರ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ನಮ್ಮ ಕರಾವಳಿಯಲ್ಲಿ ಇದು ಇದೆ ಎನ್ನುವುದು ಹೊಸ ಸುದ್ದಿಯಲ್ಲ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ವರ್ಷಗಳಿಂದ ಇದರ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ.

ಹಾಗಾದರೆ ತಪ್ಪು ಯಾರದು? ಕುಂದಾಪುರದ ಕಡೆಯ ಬೇಸಾಯಗಾರ, ಜುಲೈ ತಿಂಗಳು, ಸಕ್ಕರೆ ಕಾಯಿಲೆ, ಹತ್ತು ದಿನದ ಜ್ವರ, ಯಂತ್ರ ‘ಸೆಪೇಸಿಯಾ’ ಅನ್ನುತ್ತಿದೆ. ಇಷ್ಟು ಒಟ್ಟಿಗೆ ಕಂಡ ಕೂಡಲೇ ಪೆನ್ನು ಕೆಳಗಿಡಬೇಕು. ಆದರೆ ಲ್ಯಾಬಿನವರಿಗೆ ಇಷ್ಟು ಒಟ್ಟಿಗೆ ಕಂಡಿತ್ತೇ? ಬಾಟಲಿಯ ಜೊತೆ ಬರುವ ಫಾರಂ ನೋಡಿದರೆ ನಿಮಗೆ ಅಳು ಬರಬಹುದು. ಹೆಸರು, ವಯಸ್ಸು, ಕಾಯಿಲೆಯ ವಿವರದ ಕಡೆ ‘ಜ್ವರ’ ಎಂದು ಒಂದು ಪದ. ಕಸುಬು, ಊರು, ಸಕ್ಕರೆ ಯಾವುದೂ ಇಲ್ಲ. ಪಾಸಿಟಿವ್ ಬಾಟಲಿ ಹಿಡಿದ ಹುಡುಗಿಗೆ ಈ ರೋಗಿ ಗದ್ದೆಯಲ್ಲಿ ನಿಂತವರು ಎಂದು ಹೇಗೆ ಗೊತ್ತಾಗಬೇಕು?

ನಾನೂ ತಪ್ಪಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆ ಆಸ್ಪತ್ರೆಯ ಹೆಸರು ಬೇಡ, ಒಬ್ಬ ಕೂಲಿಯವರ ಮೊಣಕಾಲಿನ ಕೀವಿನಲ್ಲಿ ಬೆಳೆದದ್ದನ್ನು ‘ಸೂಡೋಮೊನಾಸ್ ಜಾತಿ, ಬಹುಶಃ ಹೊರಗಿನಿಂದ ಸೇರಿದ್ದು’ ಎಂದು ಬರೆದು ಸಹಿ ಹಾಕಿದೆ. ಪ್ಲೇಟ್ ಆಟೊಕ್ಲೇವಿಗೆ, ಅಂದರೆ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಪಾತ್ರೆಗೆ, ಹೋಯಿತು. ಮೂರು ವಾರಕ್ಕೆ ಅದೇ ಮನುಷ್ಯ ಉಸಿರು ಹಿಡಿದುಕೊಂಡು ಮತ್ತೆ ಬಂದರು, ಈ ಸಲ ರಕ್ತದಲ್ಲೂ ಅದೇ ಬೆಳೆಯಿತು. ಅವತ್ತು ಪ್ಲೇಟನ್ನು ಎಸೆಯದೆ ಮೂರು ದಿನ ಇಟ್ಟುಕೊಂಡೆ. ನುಣುಪಾಗಿದ್ದ ಕಾಲೊನಿಗಳು ಮೂರನೇ ದಿನ ಒಣಗಿದ ದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿ, ಮೇಲೊಂದು ಲೋಹದ ಮಿಂಚು. ಯಾವ ಯಂತ್ರವೂ ಇಲ್ಲದೆ ಅದು ತನ್ನ ಹೆಸರನ್ನು ತಾನೇ ಹೇಳುತ್ತಿತ್ತು. ಮೊದಲ ಸಲ ನಾನು ಕಾದಿರಲಿಲ್ಲ. ಅವರು ಬದುಕಿಕೊಂಡರು, ಆ ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ.

ಅಂದಿನಿಂದ ನಮ್ಮ ಲ್ಯಾಬಿನ ಗೋಡೆಯ ಮೇಲೆ ಕೈಬರಹದ ಒಂದು ಹಾಳೆ ಅಂಟಿಸಿದೆ. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ಪಾಸಿಟಿವ್ ಆದ ಗ್ರಾಮ್ ನೆಗೆಟಿವ್ ಕಡ್ಡಿ, ಜೆಂಟಾಮೈಸಿನ್ ಬಿಲ್ಲೆಯ (ಪ್ಲೇಟಿನ ಮೇಲಿಡುವ, ಔಷಧ ಹೀರಿದ ಕಾಗದದ ಚೂರು) ಸುತ್ತ ಬೆಳೆದಿದೆ, ಕೊಲಿಸ್ಟಿನ್ ಬಿಲ್ಲೆಯ ಸುತ್ತಲೂ ಬೆಳೆದಿದೆ, ಆದರೆ ಆಗ್ಮೆಂಟಿನ್ ಬಿಲ್ಲೆಗೆ ಹೆದರಿ ದೂರ ನಿಂತಿದೆ ಎಂದರೆ ಯಂತ್ರ ಏನೇ ಹೇಳಲಿ ನನಗೆ ಫೋನ್ ಮಾಡಿ, ಹೊತ್ತು ನೋಡಬೇಡಿ. ಸೆಪೇಸಿಯಾ ಸಾಮಾನ್ಯವಾಗಿ ಆಗ್ಮೆಂಟಿನ್‌ಗೆ ಬಗ್ಗುವುದಿಲ್ಲ, ಸೂಡೋಮಲೈ ಬಗ್ಗುತ್ತದೆ. ಮೂರು ಬಿಲ್ಲೆಗಳ ಖರ್ಚು ಒಂದು ಚಹಾದಷ್ಟೂ ಇಲ್ಲ. ಖಚಿತ ಮಾಡಿಕೊಳ್ಳಲು ಲೇಟೆಕ್ಸ್ ಪರೀಕ್ಷೆ ಇದೆ, ಹನಿಯಲ್ಲಿ ಕಾಲೊನಿ ಕಲಸಿದರೆ ನಿಮಿಷಗಳಲ್ಲಿ ಹಾಲು ಒಡೆದ ಹಾಗೆ ಗಂಟುಗಟ್ಟುತ್ತದೆ. ಪಿಸಿಆರ್ ಕೂಡ ಇದೆ. ಎರಡನೇ ಆಸ್ಪತ್ರೆಯವರು ಇವುಗಳಲ್ಲಿ ಒಂದನ್ನು ಮಾಡಿರಬೇಕು. ಅದೇ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ‘ಪ್ಲೇಟ್ ಮೂಸಬೇಡಿ’ ಎಂದೂ ಬರೆದಿದೆ. ನಮ್ಮ ಕಾಲದವರಿಗೆ ಮೂಸುವ ಚಟ. ಸೂಡೋಮೊನಾಸ್ ದ್ರಾಕ್ಷಿಯ ಹಾಗೆ ಘಮ್ಮೆನ್ನುತ್ತದೆ, ಮೂಸಿದರೆ ಗೊತ್ತಾಗಿಬಿಡುತ್ತದೆ. ಸೂಡೋಮಲೈಗೆ ಮಳೆ ಬಿದ್ದ ಮಣ್ಣಿನ ವಾಸನೆ ಎನ್ನುತ್ತಾರೆ. ಅದನ್ನು ಖಾತ್ರಿ ಮಾಡಿಕೊಳ್ಳಲು ಹೋದವರು ತಾವೇ ರೋಗಿಯಾಗಬಹುದು.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಯಂತ್ರ ತನಗೆ ಕಲಿಸಿದ್ದನ್ನು ಹೇಳಿತು. ಅದನ್ನು ಮರುಪ್ರಶ್ನಿಸದೆ ಹಾಗೇ ಅಚ್ಚು ಹಾಕಿದ್ದು ಲ್ಯಾಬಿನ ಲೋಪ, ಫಾರಂ ತುಂಬದೆ ಕಳಿಸಿದ್ದಿದ್ದರೆ ಅದು ವಾರ್ಡಿನ ಲೋಪ. ಜಗಳಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ಎರಡನೇ ರಿಪೋರ್ಟಿನ ಒಂದು ಪ್ರತಿಯನ್ನು ಮೊದಲ ಲ್ಯಾಬಿಗೆ ಕಳಿಸಿ. ಅವರ ಗೋಡೆಯ ಮೇಲೂ ಒಂದು ಹಾಳೆ ಬರಬಹುದು.

ಅಂಕಿಯ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಔಷಧದ ಎದುರಿನ ಆ ಸಂಖ್ಯೆಯ ಹೆಸರು ಎಂಐಸಿ. ರೋಗಾಣು ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರಿನಲ್ಲಿ ಕನಿಷ್ಠ ಎಷ್ಟು ಮೈಕ್ರೊಗ್ರಾಂ ಔಷಧ ಬೇಕು ಎಂದರ್ಥ. ಇದನ್ನು ಔಷಧದಿಂದ ಔಷಧಕ್ಕೆ ಹೋಲಿಸಬಾರದು. ಪ್ರತಿ ಔಷಧವೂ ರಕ್ತದಲ್ಲಿ ತಲುಪುವ ಮಟ್ಟ ಬೇರೆ, ಹಾಗಾಗಿ ಪ್ರತಿಯೊಂದಕ್ಕೂ ಪಾಸ್ ಅಂಕ ಬೇರೆ. ಇ. ಕೊಲೈಯ ಉದಾಹರಣೆ ಕೊಡುತ್ತೇನೆ: ಸಿಪ್ರೊಫ್ಲಾಕ್ಸಾಸಿನ್ 0.25ರವರೆಗೆ ಇದ್ದರೆ ಎಸ್, ಅಂದರೆ ಔಷಧ ನಾಟುತ್ತದೆ; 1 ಆದರೆ ಆರ್, ಅಂದರೆ ಕೆಲಸಕ್ಕೆ ಬಾರದು. ಪಿಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ 8 ಇದ್ದರೂ ಎಸ್. ಒಂದು ಫೇಲು, ಎಂಟು ಪಾಸು. ಅಡಿಕೆಯ ಕಿಲೋ ದರವನ್ನೂ ತೆಂಗಿನಕಾಯಿಯ ದರವನ್ನೂ ಪಕ್ಕಪಕ್ಕ ಬರೆದು ಯಾವುದು ಅಗ್ಗ ಎಂದು ಕೇಳಿದ ಹಾಗೆ. ನೀವು ನೋಡಬೇಕಾದದ್ದು ಅಂಕಿಯನ್ನಲ್ಲ, ಪಕ್ಕದ ಅಕ್ಷರವನ್ನು. ಆ ಅಕ್ಷರವೂ ಸರಿಯಿರಬೇಕಾದರೆ ಹೆಸರು ಸರಿಯಿರಬೇಕು, ಯಾಕೆಂದರೆ ಪಾಸ್ ಅಂಕ ನಿಂತಿರುವುದು ಜಾತಿಯ ಮೇಲೆ. ಹೆಸರು ತಪ್ಪಿದರೆ ಯಂತ್ರ ಬೇರೆ ತರಗತಿಯ ಉತ್ತರಪತ್ರಿಕೆ ಹಿಡಿದು ಅಂಕ ಕೊಟ್ಟಿರುತ್ತದೆ. ಸೂಡೋಮಲೈ ವಿಷಯದಲ್ಲಿ ಲೆವೊಫ್ಲಾಕ್ಸಾಸಿನ್ ಗುಂಪಿನ ಔಷಧಗಳನ್ನು ನಂಬಿ ಕೂರುವುದಿಲ್ಲ, ರೋಗಿಗಳಲ್ಲಿ ಅವು ಸರಿಯಾಗಿ ಕೈಹಿಡಿದಿಲ್ಲ. ನಿಮ್ಮ ಎರಡನೇ ಆಸ್ಪತ್ರೆಯ ಡಾಕ್ಟರು ಸೆಫ್ಟಾಜಿಡಿಮ್ ಆರಿಸಿದ್ದು ಸರಿ.

ಬೆಳೆಸುವ ಗೋಜೇ ಇಲ್ಲದ ಜೀನ್ ಪರೀಕ್ಷೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಕ್ಷಯದಲ್ಲಿ ಅವು ಚಿತ್ರವನ್ನೇ ಬದಲಿಸಿದವು. ಕ್ಷಯದ ರೋಗಾಣು ಒಮ್ಮೆ ದುಪ್ಪಟ್ಟಾಗಲು ಸುಮಾರು ಇಪ್ಪತ್ತು ಗಂಟೆ, ಕಲ್ಚರ್‌ಗೆ 42 ದಿನದವರೆಗೆ ಕಾಯಬೇಕು. ಸಿಬಿನ್ಯಾಟ್ ಎಂಬ ಜೀನ್ ಪರೀಕ್ಷೆ ಎರಡು ಗಂಟೆಯಲ್ಲಿ ಕ್ಷಯ ಹೌದೋ ಅಲ್ಲವೋ, ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎರಡನ್ನೂ ಹೇಳುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್ಬಯೋ ಸೇರಿ ತಂದ ಇಂಥದ್ದೇ ಯಂತ್ರ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುತ್ತದೆ, ಕರೆಂಟ್ ಹೋಗುವ ಊರಿನ ಆಸ್ಪತ್ರೆಗೆ ಹೇಳಿಮಾಡಿಸಿದ್ದು. ಪಾಸಿಟಿವ್ ಆದ ಬ್ಲಡ್ ಕಲ್ಚರ್ ಬಾಟಲಿಯಿಂದ ಒಂದು ಗಂಟೆಯಲ್ಲಿ ಹತ್ತಾರು ರೋಗಾಣುಗಳನ್ನು ಹುಡುಕುವ ಪ್ಯಾನೆಲ್‌ಗಳೂ ಈಗ ದೊಡ್ಡ ಆಸ್ಪತ್ರೆಗಳಲ್ಲಿವೆ, ಒಂದು ಸಲಕ್ಕೆ ಸಾವಿರಗಟ್ಟಲೆ ಖರ್ಚು. ಆದರೆ ಅವೂ ಪಟ್ಟಿ ಹಿಡಿದುಕೊಂಡೇ ಹುಡುಕುವುದು. ನಾನು ಬಳಸಿರುವ ಪ್ಯಾನೆಲ್‌ನಲ್ಲಿ ಸೂಡೋಮಲೈಗೆ ಜಾಗವಿಲ್ಲ. ನಿಮ್ಮ ತಂದೆಯವರಿಗೆ ಅದನ್ನು ಮಾಡಿಸಿದ್ದರೆ ಒಂದು ಗಂಟೆಯಲ್ಲಿ ‘ಏನೂ ಇಲ್ಲ’ ಎಂದು ಬರುತ್ತಿತ್ತು.

ಒಂದು ಕೆಲಸ ಮಾಡಿ. ಎರಡೂ ರಿಪೋರ್ಟುಗಳನ್ನು ತಂದೆಯವರ ಸಕ್ಕರೆ ಫೈಲಿನಲ್ಲಿ ಮೇಲುಗಡೆ ಇಡಿ. ಮುಂದೆ ಯಾವತ್ತೇ ಆಗಲಿ ಜ್ವರ ಬಂದು ರಕ್ತ ತೆಗೆದರೆ, ಮಾತ್ರೆ ಕೊಡುವ ಮೊದಲೇ ತೆಗೆಯಲು ಹೇಳಿ, ಫಾರಂ ಮೇಲೆ ‘ಹಿಂದೆ ಮೆಲಿಯೊಯ್ಡೋಸಿಸ್ ಆಗಿತ್ತು’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಬಾಟಲಿಯನ್ನು ತೆರೆಯುವ ಹುಡುಗಿ ಅದನ್ನು ಓದಿದರೆ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಇಟ್ಟು ತೆರೆಯುತ್ತಾಳೆ, ಪ್ಲೇಟನ್ನು ಮೂರು ದಿನ ಎಸೆಯದೆ ಇಟ್ಟುಕೊಳ್ಳುತ್ತಾಳೆ. ಗದ್ದೆಗೆ ಇಳಿಯುವಾಗ ತಂದೆಯವರಿಗೆ ಗಂಬೂಟು ಹಾಕಿಸಿ. ಹಾಕುವುದಿಲ್ಲ ಎನ್ನುತ್ತಾರೆ, ಗೊತ್ತಿದೆ. ನನ್ನ ತಂದೆಯವರೂ ಹಾಕಿದವರಲ್ಲ.